ಕೂಲರ್ ಹುಲ್ಲು ಬದಲಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು: ಕಲಬುರಗಿಯ ಬಿಸಿಲಿಗೆ ಮೊದಲು ಓದಿಕೊಳ್ಳಿ

ಹೋಳಿ ಹುಣ್ಣಿಮೆ ಕಳೆದ ಐದನೇ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ತೇರಿನ ಹೊತ್ತಿಗೆ ಕೂಲರ್ ಸಿದ್ಧವಾಗಿರಬೇಕು ಎಂಬುದು ನಮ್ಮ ಮನೆಯ ಕಟ್ಟಳೆ. ಅದಕ್ಕಿಂತ ತಡವಾದರೆ ಅಂಗಡಿಯಲ್ಲಿ ಒಳ್ಳೆಯ ಹುಲ್ಲು ಮುಗಿದಿರುತ್ತದೆ, ಮೆಕ್ಯಾನಿಕ್ ಫೋನ್ ಎತ್ತುವುದಿಲ್ಲ, ಬಿಸಿಲು ಮಾತ್ರ ಕಾಯುವುದಿಲ್ಲ. ಕೂಲರಿನ ಬದಿಗಳಿಗೆ ತುಂಬುವ ಈ ಹುಲ್ಲನ್ನು ನಾನು ಮನೆಯ ಗಾಳಿಯ ಫಿಲ್ಟರ್ ಎಂದೇ ಕರೆಯುತ್ತೇನೆ. ಅದರ ಬಗ್ಗೆ ಪ್ರತಿ ವರ್ಷ ಬಂಧುಗಳು, ನೆರೆಹೊರೆಯವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ. ಕೆಲವಕ್ಕೆ ಉತ್ತರ ಉದ್ದವಾಗಿದೆ, ಏಕೆಂದರೆ ಅಲ್ಲಿ ತಪ್ಪಿದರೆ ಹಣ ಮಾತ್ರವಲ್ಲ, ಜೀವವೂ ಹೋಗಬಹುದು.

ಹುಲ್ಲು ಎಂದರೆ ತಂಪಿಗಾಗಿ ಹಾಕುವುದು. ಅದನ್ನು ಫಿಲ್ಟರ್ ಎಂದು ಏಕೆ ಕರೆಯುತ್ತೀರಿ?

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಹೊರಗಿನ ಗಾಳಿಯನ್ನು ಒಳಗೆ ತರುವ ಯಂತ್ರ ಕೂಲರ್ ಒಂದೇ. ಸೀಲಿಂಗ್ ಫ್ಯಾನ್ ಒಳಗಿನ ಗಾಳಿಯನ್ನೇ ತಿರುಗಿಸುತ್ತದೆ. ಗೋಡೆಗೆ ಹಾಕಿದ ಸ್ಪ್ಲಿಟ್ ಏಸಿ ಕೂಡ ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ, ಮತ್ತೆ ಕೋಣೆಗೇ ಬಿಡುತ್ತದೆ. ಕೂಲರ್ ಹಾಗಲ್ಲ. ಅದು ಹೊರಗಿನ ಬಿಸಿ ಗಾಳಿಯನ್ನು ಮೂರು ಬದಿಯ ಒದ್ದೆ ಹುಲ್ಲಿನ ಮೂಲಕ ಎಳೆದುಕೊಳ್ಳುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ ಗಾಳಿ ತಣ್ಣಗಾಗುತ್ತದೆ. ಅದೇ ಹೊತ್ತಿಗೆ ರಸ್ತೆಯ ಧೂಳು, ತೊಗರಿಯ ಹೊಟ್ಟು, ಕಲ್ಲಿನ ಪುಡಿ ಆ ಒದ್ದೆ ಎಳೆಗಳಿಗೆ ಅಂಟುತ್ತವೆ.

ಮಧ್ಯಾಹ್ನದಿಂದ ಬೆಳಗಿನವರೆಗೆ ಮನೆಯವರೆಲ್ಲ ಉಸಿರಾಡುವುದು ಆ ಹುಲ್ಲಿನ ಮೂಲಕ ಬಂದ ಗಾಳಿಯನ್ನು. ಆದ್ದರಿಂದ ಅದನ್ನು ಕುಡಿಯುವ ನೀರಿನ ಫಿಲ್ಟರ್‌ನಂತೆಯೇ ನೋಡಿಕೊಳ್ಳಬೇಕು ಎನ್ನುತ್ತೇನೆ. ಆದರೆ ಅದರ ಮಿತಿಯೂ ತಿಳಿದಿರಲಿ. ಹುಲ್ಲು ದಪ್ಪ ಧೂಳನ್ನು ಹಿಡಿಯುತ್ತದೆ, ಹೊಗೆಯನ್ನು ಹಿಡಿಯುವುದಿಲ್ಲ. ಪಕ್ಕದಲ್ಲಿ ಯಾರಾದರೂ ಕಸ ಸುಟ್ಟರೆ ಆ ಹೊಗೆ ನೇರವಾಗಿ ಹಾಸಿಗೆಗೆ ಬರುತ್ತದೆ. ಆಗ ಕೂಲರ್ ನಿಲ್ಲಿಸುವುದೊಂದೇ ದಾರಿ.

ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?

ಹುಲ್ಲಾದರೆ ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮೊದಲು. ಹೋದ ವರ್ಷದ ಹುಲ್ಲು ನೋಡಲು ಚೆನ್ನಾಗಿದ್ದರೂ ಬೇಡ. ಜೇನುಗೂಡಿನಂತೆ ರಂಧ್ರಗಳಿರುವ ಕಾಗದದ ಪ್ಯಾಡ್, ಅಂದರೆ ಹನಿಕೋಂಬ್, ಒಳ್ಳೆಯ ನೀರಿದ್ದರೆ ಎರಡು ಮೂರು ಬೇಸಿಗೆ ಬರುತ್ತದೆ. ಬರೀ ಬೋರ್ ನೀರು ಹಾಕುವ ಮನೆಯಲ್ಲಿ ಎರಡನೇ ಬೇಸಿಗೆಯ ಕೊನೆಗೇ ಕೈಕೊಡಬಹುದು.

ಹುಲ್ಲು ಕೆಟ್ಟಿದೆ ಎಂದು ನೋಡಿಯೇ ತಿಳಿಯಬಹುದೇ?

ತಿಳಿಯಬಹುದು, ಮೆಕ್ಯಾನಿಕ್ ಬರುವವರೆಗೆ ಕಾಯಬೇಕಿಲ್ಲ. ಪಂಪ್ ಹಾಕಿ ಹತ್ತು ನಿಮಿಷ ಬಿಡಿ. ಫ್ಯಾನ್ ಹಾಕಬೇಡಿ. ಆಮೇಲೆ ಹೊರಗೆ ಹೋಗಿ ಮೂರೂ ಬದಿಯನ್ನು ನೋಡಿ. ಹುಲ್ಲು ಮೇಲಿಂದ ಕೆಳಗೆ ಒಂದೇ ಬಣ್ಣದಲ್ಲಿ, ಗಾಢವಾಗಿ ಒದ್ದೆಯಾಗಿರಬೇಕು. ನಡುವೆ ತಿಳಿ ಬಣ್ಣದ ಪಟ್ಟಿ ಕಂಡರೆ ಅಲ್ಲಿ ನೀರು ಇಳಿಯುತ್ತಿಲ್ಲ. ಮೇಲಿನ ಅಂಚಿನಲ್ಲಿ ನಾಲ್ಕು ಬೆರಳು ತೂರುವಷ್ಟು ಸಂದಿ ಕಂಡರೆ ಹುಲ್ಲು ಕುಸಿದಿದೆ.

ಇಷ್ಟು ಸಣ್ಣ ಸಂದಿಗೆ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಹೊರಗೆ 42 ಡಿಗ್ರಿ, ಗಾಳಿಯಲ್ಲಿ ತೇವಾಂಶ ಶೇಕಡಾ 20 ಇದೆ ಎಂದುಕೊಳ್ಳಿ. ನಮ್ಮ ಮೇ ತಿಂಗಳಿಗೆ ಇದು ಹೊಸದೇನಲ್ಲ. ಅಂಥ ಗಾಳಿಯನ್ನು ನೀರು ಆವಿಯಾಗಿಸಿ ತಣಿಸಬಹುದಾದ ಕೊನೆಯ ಮಿತಿ ಸುಮಾರು 24 ಡಿಗ್ರಿ. ಚೆನ್ನಾಗಿ ತೊಯ್ದ ಪ್ಯಾಡ್ ಆ 18 ಡಿಗ್ರಿ ಅಂತರದಲ್ಲಿ ಸುಮಾರು ಶೇಕಡಾ 80ರಷ್ಟನ್ನು ದಾಟುತ್ತದೆ. ಅಂದರೆ ಒಳಗೆ ಬರುವ ಗಾಳಿ ಸುಮಾರು 28 ಡಿಗ್ರಿ. ಈಗ ಪ್ಯಾಡಿನ ಕಾಲು ಭಾಗ ಒಣಗಿದೆ ಎಂದುಕೊಳ್ಳಿ. ಆ ಕಾಲು ಭಾಗದಿಂದ 42 ಡಿಗ್ರಿಯ ಗಾಳಿ ಹಾಗೆಯೇ ನುಗ್ಗಿ ಬೆರೆಯುತ್ತದೆ. ಮುಖಕ್ಕೆ ತಾಗುವ ಗಾಳಿ 31 ಡಿಗ್ರಿ ದಾಟುತ್ತದೆ. ಒಣ ಜಾಗದಲ್ಲಿ ಗಾಳಿಗೆ ತಡೆ ಕಡಿಮೆ ಇರುವುದರಿಂದ ನಿಜದಲ್ಲಿ ಇನ್ನೂ ಹೆಚ್ಚು. ‘ಕೂಲರ್ ಬಿಸಿ ಗಾಳಿ ಉಗುಳುತ್ತಿದೆ’ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇದೇ.

ಇನ್ನೆರಡು ಗುರುತುಗಳಿವೆ. ಎಳೆಗಳ ಮೇಲೆ ಬಿಳಿ ಹರಳು ಕಟ್ಟಿ ಹುಲ್ಲು ಕಡ್ಡಿಯಂತೆ ಮುರಿಯುವುದು ಒಂದು. ಕೆಸರು ಅಥವಾ ಮೀನಿನಂತಹ ವಾಸನೆ ಬರುವುದು ಇನ್ನೊಂದು. ವಾಸನೆ ಬಂದ ಹುಲ್ಲನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ.

ಮೆಕ್ಯಾನಿಕ್ ಮೋಟರ್ ಹೋಗಿದೆ ಎನ್ನುತ್ತಾರೆ. ನಂಬಬೇಕೇ?

ಮೊದಲು ಹುಲ್ಲು ನೋಡಿ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಕೂಲರ್ ಗಾಳಿ ಕಡಿಮೆಯಾಯಿತು, ಮೋಟರ್ ಮುಟ್ಟಲಾರದಷ್ಟು ಬಿಸಿಯಾಗುತ್ತಿತ್ತು. ಬಂದವರು ತೆರೆದೂ ನೋಡದೆ ಹೊಸ ಮೋಟರ್ ಹಾಕಿಸಿದರು. ಒಂದು ವಾರಕ್ಕೆ ಮತ್ತೆ ಅದೇ ಪಾಡು. ಕೊನೆಗೆ ನನ್ನ ಅವ್ವನೇ ಹಿಂಬದಿಯ ಜಾಲರಿ ಬಿಚ್ಚಿಸಿದಳು. ಎರಡು ಬೇಸಿಗೆಯ ಹುಲ್ಲು ಸುಣ್ಣದ ಹಲಗೆಯಂತಾಗಿ ಗಾಳಿಯ ದಾರಿಯನ್ನೇ ಮುಚ್ಚಿತ್ತು. ತನ್ನ ಮೇಲೆ ಹರಿಯಬೇಕಾದ ಗಾಳಿ ಸಿಗದೆ ಮೋಟರ್ ಬಿಸಿಯಾಗುತ್ತಿತ್ತು. ಹುಲ್ಲು ಬದಲಿಸಿದ ಸಂಜೆಯೇ ಕೂಲರ್ ಸರಿಯಾಯಿತು. ಹಳೆಯ ಮೋಟರಿನಲ್ಲಿ ದೋಷವೇ ಇರಲಿಲ್ಲ. ಅಂದಿನಿಂದ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ.

ಹುಲ್ಲು, ಹನಿಕೋಂಬ್, ಲಾವಂಚ: ಯಾವುದು ಒಳ್ಳೆಯದು?

ನಾವು ಹುಲ್ಲು ಎನ್ನುವುದು ನಿಜವಾಗಿ ಹುಲ್ಲಲ್ಲ, ಮರವನ್ನು ತೆಳ್ಳಗೆ ಹೆರೆದು ತೆಗೆದ ಎಳೆಗಳು. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಯಾವ ಅಳತೆಯ ಚೌಕಟ್ಟಿಗೂ ಹೊಂದುತ್ತದೆ. ಬೋರ್ ನೀರನ್ನೇ ನೆಚ್ಚಿದ ಮನೆಗೆ ನಾನು ಹುಲ್ಲನ್ನೇ ಹೇಳುತ್ತೇನೆ. ಉಪ್ಪು ಕಟ್ಟಿದರೆ ವರ್ಷದ ಕೊನೆಗೆ ಎಸೆಯಬಹುದು, ಮನಸ್ಸಿಗೆ ನೋವಾಗುವುದಿಲ್ಲ.

ಹನಿಕೋಂಬ್ ಪ್ಯಾಡ್‌ನಲ್ಲಿ ಗಾಳಿ ಸಲೀಸಾಗಿ ಹರಿಯುತ್ತದೆ, ತಂಪು ತುಸು ಹೆಚ್ಚು, ಎಳೆ ಉದುರಿ ಪಂಪಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಅದರ ರಂಧ್ರಗಳಲ್ಲಿ ಒಮ್ಮೆ ಸುಣ್ಣ ಕಟ್ಟಿದರೆ ಬಿಡಿಸುವುದು ಕಷ್ಟ. ನಲ್ಲಿ ನೀರು ಸಿಗುವ ಮನೆಗೆ ಇದು ಯೋಗ್ಯ.

ಲಾವಂಚದ ಬೇರು, ನಮ್ಮ ಕಡೆ ಹಲವರು ಖಸ್ ಎನ್ನುವುದು, ಪರಿಮಳಕ್ಕೆ ಹೆಸರಾದದ್ದು. ಬೇಸಿಗೆಯಲ್ಲಿ ಬಾಗಿಲಿಗೆ ಖಸ್ ತಟ್ಟಿ ಕಟ್ಟಿ, ನೀರು ಚಿಮುಕಿಸಿ, ಗಾಳಿಯನ್ನು ತಂಪಾಗಿಸುವ ರೂಢಿ ಕೂಲರಿಗಿಂತ ಬಹಳ ಹಳೆಯದು. ಕೂಲರಿನ ತಂಪಿನ ತತ್ವವೂ ಅದೇ. ಬೆಲೆ ಹೆಚ್ಚು, ಪರಿಮಳ ದಿನ ಕಳೆದಂತೆ ಕಡಿಮೆಯಾಗುತ್ತದೆ. ಆಸೆಯಿದ್ದರೆ ಮೂರರಲ್ಲಿ ಒಂದು ಬದಿಗೆ ಮಾತ್ರ ಲಾವಂಚ ಹಾಕಿಸಿ. ಬೇರಿಗೆ ಹಸಿರು ಬಣ್ಣ ಹಚ್ಚಿ, ಅತ್ತರು ಸಿಂಪಡಿಸಿ ಮಾರುವುದೂ ಇದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಅಂಟಿದರೆ ಬಿಡಿ.

ಅಂಗಡಿಗೆ ಹೋಗುವಾಗ ಏನು ಅಳತೆ ಒಯ್ಯಬೇಕು?

ಚೌಕಟ್ಟಿನ ಒಳ ಅಳತೆಯಲ್ಲಿ ಎತ್ತರ, ಅಗಲ, ದಪ್ಪ ಮೂರನ್ನೂ ಬರೆದುಕೊಳ್ಳಿ. ಮೂರು ಬದಿಯ ಅಳತೆ ಒಂದೇ ಎಂದು ತಿಳಿಯಬೇಡಿ, ಹಿಂಬದಿಯ ಬಾಗಿಲು ಹೆಚ್ಚಾಗಿ ಅಗಲವಿರುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಗಳಿಗೆ ಹೋಗುವಾಗ ಅಳತೆಯ ಗೊಂದಲವಿದ್ದರೆ ಒಂದು ಚೌಕಟ್ಟನ್ನೇ ಬಿಚ್ಚಿಕೊಂಡು ಹೋಗಿ, ಎರಡನೇ ಸಲ ತಿರುಗುವುದು ತಪ್ಪುತ್ತದೆ. ಹುಲ್ಲಿನ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಕಡೆ ದಟ್ಟ, ಇನ್ನೊಂದು ಕಡೆ ಆಕಾಶ ಕಾಣುವಷ್ಟು ತೆಳುವಾಗಿದ್ದರೆ ಬೇರೆ ಕೇಳಿ.

ನಾನೇ ಬದಲಿಸಬಹುದೇ? ಹೇಗೆ?

ಖಂಡಿತ ಬದಲಿಸಬಹುದು. ಮೊದಲ ಸಲ ಅರ್ಧ ದಿನ ಬೇಕು, ಮುಂದೆ ಒಂದು ತಾಸಿನ ಕೆಲಸ.

ಎಲ್ಲಕ್ಕಿಂತ ಮೊದಲು ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣಿಗೆ ಕಾಣುವಂತೆ ಇಡಿ. ಸ್ವಿಚ್ ಆರಿಸಿದರೆ ಸಾಲದು. ವೈರಿಂಗ್ ತಪ್ಪಾಗಿರುವ ಮನೆಗಳಲ್ಲಿ ಸ್ವಿಚ್ ಆರಿಸಿದರೂ ಯಂತ್ರದ ತನಕ ವಿದ್ಯುತ್ ಬರುತ್ತಿರುತ್ತದೆ. ತೊಟ್ಟಿಯ ನೀರನ್ನು ಪೂರ್ತಿ ಬಿಡಿ. ಕೂಲರನ್ನು ಅಂಗಳಕ್ಕೆ ತರಲು ಆಗದಿದ್ದರೆ ಒಳಗಿನ ಕಡೆ ಕಿಟಕಿಗೆ ಹಳೆಯ ಸೀರೆ ಕಟ್ಟಿ, ಧೂಳು ಮನೆಯೊಳಗೆ ಬರುವುದಿಲ್ಲ.

ಹಳೆಯ ಹುಲ್ಲನ್ನು ಒಣಗಿರುವಾಗಲೇ ಕೀಳಬೇಡಿ. ಮೇಲೆ ಸ್ವಲ್ಪ ನೀರು ಚಿಮುಕಿಸಿ. ಒಂದು ವರ್ಷದ ಧೂಳು, ಬೂಷ್ಟು ಅದರಲ್ಲಿರುತ್ತದೆ, ಎಳೆದ ಕೂಡಲೇ ಮುಖಕ್ಕೆ ಏಳುತ್ತದೆ. ಮೂಗಿಗೆ ಮಾಸ್ಕ್ ಅಥವಾ ಟವೆಲ್ ಇರಲಿ, ಕೈಗೆ ದಪ್ಪ ಕೈಗವಸು ಹಾಕಿಕೊಳ್ಳಿ. ಜಾಲರಿಯ ತಂತಿ, ಹುಲ್ಲಿನ ಸಿಬಿರು ಎರಡೂ ಚುಚ್ಚುತ್ತವೆ.

ಚೌಕಟ್ಟು, ಜಾಲರಿ, ತೊಟ್ಟಿಯ ಒಳಗೋಡೆಗಳನ್ನು ಬ್ರಶ್ಶಿನಿಂದ ಉಜ್ಜಿ. ತುಕ್ಕು ಹಿಡಿದ ಕಡೆ ಮರಳು ಕಾಗದ ಆಡಿಸಿ ಬಣ್ಣ ಹಚ್ಚಿ ಒಣಗಲು ಬಿಡಿ. ಪಂಪಿನ ಕೆಳಗಿನ ಜಾಲರಿಯನ್ನು ಬಿಚ್ಚಿ ತೊಳೆಯಿರಿ. ಮೇಲಿನ ನೀರಿನ ಕೊಳವೆಯ ಒಂದೊಂದು ರಂಧ್ರಕ್ಕೂ ಪೊರಕೆ ಕಡ್ಡಿ ಚುಚ್ಚಿ. ಇದನ್ನು ಎಲ್ಲರೂ ಮರೆಯುತ್ತಾರೆ. ಹೊಸ ಹುಲ್ಲು ಹಾಕಿ, ಮುಚ್ಚಿದ ರಂಧ್ರವನ್ನು ಹಾಗೆಯೇ ಬಿಟ್ಟರೆ ಅದೇ ಒಣ ಪಟ್ಟಿ ಮತ್ತೆ ಬರುತ್ತದೆ.

ಹೊಸ ಹುಲ್ಲನ್ನು ಕೈಯಿಂದ ಬಿಡಿಸಿ, ಗಂಟುಗಳಿಲ್ಲದಂತೆ ಸಮವಾಗಿ ಹರಡಿ. ಮೇಲಿನ ಅಂಚಿಗೆ ಒಂದು ಹಿಡಿ ಹೆಚ್ಚೇ ತುಂಬಿ, ಏಕೆಂದರೆ ತೊಯ್ದ ಮೇಲೆ ಅದು ಕುಸಿಯುತ್ತದೆ. ತುಂಬಾ ಒತ್ತಿ ತುಂಬಿದರೆ ಗಾಳಿ ಬರುವುದಿಲ್ಲ, ಸಡಿಲ ಬಿಟ್ಟರೆ ತಂಪು ಬರುವುದಿಲ್ಲ. ಅಂಗೈಯಿಂದ ಒತ್ತಿದಾಗ ಹತ್ತಿಯ ಗಾದಿಯಂತೆ ತಗ್ಗಿ ಮತ್ತೆ ಮೇಲೇಳಬೇಕು. ಜಾಲರಿ ಮುಚ್ಚಿ ತಂತಿಯಿಂದ ನಾಲ್ಕೈದು ಕಡೆ ಬಿಗಿಯಿರಿ.

ಹನಿಕೋಂಬ್ ಪ್ಯಾಡಾದರೆ ಹಳೆಯದನ್ನು ತೆಗೆಯುವ ಮೊದಲು ಅದರ ಮೇಲ್ಭಾಗಕ್ಕೆ, ಹೊರಮೈಗೆ ಪೆನ್ನಿನಿಂದ ಗುರುತು ಹಾಕಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಕೆಲವು ಪ್ಯಾಡುಗಳ ಓರೆಗೆರೆಗಳು ಎರಡು ಬೇರೆ ಕೋನದಲ್ಲಿರುತ್ತವೆ. ಹೆಚ್ಚು ಕಡಿದಾದ ಗೆರೆ ಹೊರಬದಿಗೆ ಇಳಿಜಾರಾಗಿರಬೇಕು. ಆಗ ನೀರು ಗಾಳಿ ನುಗ್ಗುವ ಮೈಯ ಕಡೆ ಹರಿದು ಅಲ್ಲಿ ಅಂಟಿದ ಧೂಳನ್ನು ತೊಳೆಯುತ್ತದೆ. ತಿರುಗಿಸಿ ಹಾಕಿದರೆ ಹನಿ ಮನೆಯೊಳಗೆ ಸಿಡಿಯುತ್ತದೆ.

ಹೊಸ ಹುಲ್ಲು ಹಾಕಿದ ಮೇಲೆ ನೀರು ಕಂದು ಬಣ್ಣಕ್ಕೆ ತಿರುಗಿದೆ, ಮರದ ವಾಸನೆ ಬರುತ್ತಿದೆ. ಕಲಬೆರಕೆಯೇ?

ಅಲ್ಲ, ಮರದ ಬಣ್ಣ ಬಿಡುತ್ತದೆ. ಮೊದಲ ದಿನ ಫ್ಯಾನ್ ಹಾಕದೆ ಪಂಪ್ ಮಾತ್ರ ಒಂದೆರಡು ತಾಸು ನಡೆಸಿ, ಆ ನೀರು ಚೆಲ್ಲಿ, ಹೊಸ ನೀರು ತುಂಬಿ. ಹಾಗೆ ಎರಡು ಸಲ ಮಾಡಿದರೆ ಸಾಕು.

ಬೋರ್ ನೀರು ಹಾಕಿದರೆ ಏಕೆ ಇಷ್ಟು ಬೇಗ ಕೆಡುತ್ತದೆ?

ನಮ್ಮ ನೆಲವನ್ನು ನೋಡಿದರೆ ಉತ್ತರ ಸಿಗುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಮನೆಯ ನೆಲಕ್ಕೆ ಹಾಸುವ ಕಲ್ಲು ಸುಣ್ಣದ ಕಲ್ಲು. ವಾಡಿಯಲ್ಲಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಅದೇ ಕಲ್ಲಿನ ಮೇಲೆ. ಅಂಥ ಕಲ್ಲಿನ ಪದರುಗಳಲ್ಲಿ ನಿಂತು ಬಂದ ನೀರು ಗಡಸಾಗಿರುತ್ತದೆ, ಅದರಲ್ಲಿ ಸುಣ್ಣದ ಅಂಶ ಕರಗಿರುತ್ತದೆ.

ಕೂಲರ್‌ನಲ್ಲಿ ಆವಿಯಾಗಿ ಹೋಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಲೀಟರಿಗೆ ಒಂದು ಗ್ರಾಂ ಲವಣವಿರುವ ಬೋರ್ ನೀರು ಎಂದುಕೊಳ್ಳೋಣ. ದೊಡ್ಡ ಕೂಲರ್ ಸುಡುಬಿಸಿಲಿನ ದಿನ ನೂರು ಲೀಟರ್ ಕುಡಿಯುತ್ತದೆ. ದಿನಕ್ಕೆ ನೂರು ಗ್ರಾಂ. ಬೇಸಿಗೆಯ ತೊಂಬತ್ತು ದಿನಕ್ಕೆ ಒಂಬತ್ತು ಕಿಲೋ. ತೊಟ್ಟಿಯನ್ನು ಒಮ್ಮೆಯೂ ಖಾಲಿ ಮಾಡದೆ ಮೇಲಿಂದ ಮೇಲೆ ನೀರು ತುಂಬುತ್ತಾ ಹೋದ ಮನೆಯಲ್ಲಿ ಆ ಒಂಬತ್ತು ಕಿಲೋ ಉಪ್ಪು ಹುಲ್ಲಿನಲ್ಲಿ, ಪಂಪಿನಲ್ಲಿ, ತೊಟ್ಟಿಯ ತಳದಲ್ಲಿ ಕೂರಬೇಕು, ಬೇರೆಲ್ಲಿಗೂ ಹೋಗಲು ದಾರಿಯಿಲ್ಲ.

ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ತೊಟ್ಟಿಯ ಉಳಿದ ನೀರನ್ನು ಪೂರ್ತಿ ಬಿಟ್ಟುಬಿಡಿ. ನೀರಿಗೆ ಬರವಿರುವ ಊರಿನಲ್ಲಿ ಚೆಲ್ಲಲು ಕೈ ಬರುವುದಿಲ್ಲ, ನಿಜ. ತಳದಲ್ಲಿ ನಾಲ್ಕು ಬೆರಳು ನೀರು ಉಳಿದಾಗ ಬಿಡಿ, ಅಂಗಳ ತೊಳೆಯಲು, ಶೌಚಾಲಯಕ್ಕೆ ಬಳಸಿ. ಗಿಡಗಳಿಗೆ ಮಾತ್ರ ಹಾಕಬೇಡಿ, ಅದರ ಉಪ್ಪು ಬೇರನ್ನು ಸುಡುತ್ತದೆ. ನಲ್ಲಿ ನೀರು ಬರುವ ದಿನ ಅದನ್ನೇ ಕೂಲರಿಗೆ ತುಂಬಿ, ಬೋರ್ ನೀರನ್ನು ಬಟ್ಟೆ ಪಾತ್ರೆಗೆ ಇಟ್ಟುಕೊಳ್ಳಿ.

ಹನಿಕೋಂಬ್‌ನಲ್ಲಿ ಕಟ್ಟಿದ ಸುಣ್ಣ ತೆಗೆಯಲು ಆಸಿಡ್ ಹಾಕಬಹುದೇ?

ಬೇಡ. ಶೌಚಾಲಯ ತೊಳೆಯುವ ಆಸಿಡ್ ಕಾಗದವನ್ನೂ ಅದಕ್ಕೆ ಹಚ್ಚಿದ ರಾಳವನ್ನೂ ತಿನ್ನುತ್ತದೆ, ತೊಟ್ಟಿಯ ತಗಡನ್ನೂ ಬಿಡುವುದಿಲ್ಲ. ಒಂದು ಬಕೆಟ್ ನೀರಿಗೆ ಎರಡು ಹಿಡಿ ನಿಂಬೆ ಉಪ್ಪು ಕರಗಿಸಿ ಅಥವಾ ವಿನೆಗರ್ ಬೆರೆಸಿ, ಪ್ಯಾಡನ್ನು ಅರ್ಧ ತಾಸು ನೆನೆಸಿ, ಮೆತ್ತನೆಯ ಬ್ರಶ್ಶಿನಿಂದ ಗೆರೆಗಳ ಉದ್ದಕ್ಕೆ ಮೆಲ್ಲಗೆ ಉಜ್ಜಿ, ಸಾದಾ ನೀರಿನಲ್ಲಿ ತೊಳೆಯಿರಿ. ಅಷ್ಟಕ್ಕೂ ಬಿಡದಿದ್ದರೆ ಅದರ ಆಯುಷ್ಯ ಮುಗಿದಿದೆ.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಬ್ಲೀಚಿಂಗ್ ಪುಡಿ ಮತ್ತು ಆಸಿಡ್, ವಿನೆಗರ್, ನಿಂಬೆ ಉಪ್ಪು ಎಂದೂ ಒಟ್ಟಿಗೆ ಸೇರಬಾರದು. ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೆ ಕುತ್ತು.

ಕೂಲರ್ ನೀರಿನಿಂದ ಡೆಂಗಿ ಬರುತ್ತದೆ ಎನ್ನುತ್ತಾರೆ. ಹುಲ್ಲು ಬದಲಿಸಿದರೆ ಸಾಕೇ?

ಸಾಲದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮನೆಯ ಸುತ್ತ ನಿಂತ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಹಗಲು ಕಚ್ಚುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಸುಮಾರು ಏಳರಿಂದ ಹತ್ತು ದಿನ ಬೇಕು. ಆದ್ದರಿಂದಲೇ ವಾರಕ್ಕೊಮ್ಮೆ ಖಾಲಿ ಮಾಡಿ ಎಂದು ಆರೋಗ್ಯ ಇಲಾಖೆಯವರು ಹೇಳುತ್ತಾರೆ. ಆದರೆ ಬರೀ ನೀರು ಚೆಲ್ಲಿದರೆ ಅರ್ಧ ಕೆಲಸ. ಈಡಿಸ್ ತನ್ನ ಮೊಟ್ಟೆಗಳನ್ನು ನೀರಿನ ಅಂಚಿನ ಗೋಡೆಗೆ ಅಂಟಿಸುತ್ತದೆ, ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ತೊಟ್ಟಿಯ ಒಳಗೋಡೆಯನ್ನು ಗಟ್ಟಿ ಬ್ರಶ್ಶಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ, ಆಮೇಲೆ ನೀರು ತುಂಬಿ. ನಮ್ಮ ಮನೆಯಲ್ಲಿ ಸೋಮವಾರ ಆ ಕೆಲಸಕ್ಕೆ ಗೊತ್ತು ಮಾಡಿದ ದಿನ, ಯಾರೂ ನೆನಪಿಸಬೇಕಿಲ್ಲ.

ತೊಟ್ಟಿಗೆ ಸೀಮೆಎಣ್ಣೆ ಹಾಕುವವರಿದ್ದಾರೆ. ಆ ಆವಿಯನ್ನು ಕೂಲರ್ ನೇರವಾಗಿ ಮಲಗಿದ ಮಕ್ಕಳ ಮೇಲೆ ಊದುತ್ತದೆ. ಎಂದೂ ಹಾಕಬೇಡಿ.

ಕೂಲರ್ ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ. ಹುಲ್ಲು ಒದ್ದೆಯಿರುವುದರಿಂದಲೇ?

ಹುಲ್ಲಿನಿಂದಲ್ಲ, ತಗಡಿನ ಮೈಗೆ ವಿದ್ಯುತ್ ಸೋರುತ್ತಿದೆ. ಆ ಕ್ಷಣವೇ ನಿಲ್ಲಿಸಿ, ಪ್ಲಗ್ ಕಿತ್ತು, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಮತ್ತೆ ಹಾಕಬೇಡಿ. ‘ಸ್ವಲ್ಪ ಜುಮ್ಮೆನ್ನುತ್ತದೆ ಅಷ್ಟೇ, ಚಪ್ಪಲಿ ಹಾಕಿಕೊಂಡರೆ ಆಯಿತು’ ಎಂದು ದಿನ ದೂಡುವ ಮನೆಗಳನ್ನು ಕಂಡಿದ್ದೇನೆ, ಪ್ರತಿ ಸಲವೂ ಎದೆ ನಡುಗಿದೆ. ಒದ್ದೆ ನೆಲ, ತಗಡಿನ ಡಬ್ಬ, ಬರಿಗಾಲಿನ ಮಗು: ಇಷ್ಟು ಸೇರಿದರೆ ಎರಡನೇ ಅವಕಾಶ ಸಿಗುವುದಿಲ್ಲ.

ಮೂರು ಪಿನ್ನಿನ ಪ್ಲಗ್ ಇರಲಿ, ಮೂರನೇ ಪಿನ್ನಿನ ಹಿಂದೆ ನಿಜವಾದ ಅರ್ಥಿಂಗ್ ಇರಲಿ. ಹಳೆಯ ಮನೆಗಳಲ್ಲಿ ಸಾಕೆಟ್ಟಿಗೆ ಮೂರು ತೂತು ಇರುತ್ತವೆ, ಹಿಂದೆ ತಂತಿ ಎರಡೇ ಇರುತ್ತವೆ. ಪರೀಕ್ಷಿಸಿ ನೋಡಿ. ಮೀಟರ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಸೋರಿಕೆಯಾದ ಕೂಡಲೇ ಅದು ವಿದ್ಯುತ್ ಕಡಿದುಹಾಕುತ್ತದೆ. ಕೂಲರ್ ನಡೆಯುತ್ತಿರುವಾಗ ಬಿಂದಿಗೆಯಿಂದ ನೀರು ಹುಯ್ಯುವ ಅಭ್ಯಾಸವನ್ನು ಇಂದೇ ಬಿಡಿ. ಆರಿಸಿ, ಪ್ಲಗ್ ತೆಗೆದು, ನೀರು ತುಂಬಿ, ಮತ್ತೆ ಹಾಕಿ.

ಹೊಸ ಹುಲ್ಲು, ಒಳ್ಳೆಯ ನೀರು, ಆದರೂ ಕೋಣೆಯಲ್ಲಿ ಮೈ ಅಂಟಂಟಾಗುತ್ತದೆ.

ಕಿಟಕಿ ತೆರೆದಿದ್ದೀರಾ? ಏಸಿಯ ಅಭ್ಯಾಸದಿಂದ ಬಾಗಿಲು ಕಿಟಕಿ ಮುಚ್ಚಿ ಕೂಲರ್ ಹಾಕುವವರೇ ಹೆಚ್ಚು. ಒಳಗೆ ಬಂದ ತೇವದ ಗಾಳಿಗೆ ಹೊರಹೋಗಲು ದಾರಿ ಬೇಕು. ಕೂಲರಿನ ಎದುರು ಬದಿಯ ಕಿಟಕಿಯನ್ನೋ ಬಾಗಿಲನ್ನೋ ತೆರೆದಿಡಿ.

ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ಈ ದೂರು ಬಂದರೆ ಕಾರಣ ಬೇರೆ. ಹೊರಗೆ 36 ಡಿಗ್ರಿ, ತೇವಾಂಶ ಶೇಕಡಾ 60 ಇದ್ದಾಗ ಎಷ್ಟೇ ಹೊಸ ಪ್ಯಾಡ್ ಹಾಕಿದರೂ ಗಾಳಿ ಐದಾರು ಡಿಗ್ರಿಗಿಂತ ಹೆಚ್ಚು ಇಳಿಯುವುದಿಲ್ಲ. ಆ ದಿನಗಳಲ್ಲಿ ಹುಲ್ಲಿಗೆ ದುಡ್ಡು ಹಾಕಬೇಡಿ. ಪಂಪ್ ನಿಲ್ಲಿಸಿ ಬರೀ ಗಾಳಿ ತೆಗೆದುಕೊಳ್ಳಿ.

ಮನೆಯಲ್ಲಿ ದಮ್ಮಿನ ತೊಂದರೆ ಇರುವವರಿದ್ದಾರೆ. ಕೂಲರ್ ಹಾಕಬಹುದೇ?

ನನ್ನ ಅವ್ವನಿಗೂ ದಮ್ಮು ಇದೆ, ಆದ್ದರಿಂದ ಈ ಪ್ರಶ್ನೆಯ ಜೊತೆಗೇ ನಾನು ಬದುಕಿದ್ದೇನೆ. ವೈದ್ಯರನ್ನು ಕೇಳಿಯೇ ತೀರ್ಮಾನಿಸಿ. ಕೆಲವರಿಗೆ ತೇವದ ಗಾಳಿ ಆಗುವುದೇ ಇಲ್ಲ. ನಮ್ಮ ಮನೆಯಲ್ಲಿ ಪಾಲಿಸುವುದು ಇಷ್ಟು: ಹುಲ್ಲು ಬದಲಿಸುವ ದಿನ ಅವ್ವ ತಂಗಿಯ ಮನೆಯಲ್ಲಿರುತ್ತಾಳೆ. ಬೇಸಿಗೆಯ ನಡುವೆಯೂ ಒಮ್ಮೆ ಹುಲ್ಲು ಬದಲಿಸುತ್ತೇವೆ. ಬೆಳಿಗ್ಗೆ ಕೂಲರ್ ಆರಿಸುವ ಮೊದಲು ಪಂಪ್ ನಿಲ್ಲಿಸಿ, ಹುಲ್ಲು ಒಣಗುವವರೆಗೆ ಫ್ಯಾನ್ ಮಾತ್ರ ನಡೆಸುತ್ತೇವೆ, ಬೂಷ್ಟು ಹಿಡಿಯುವುದಿಲ್ಲ. ಗಾಳಿ ನೇರವಾಗಿ ಅವ್ವನ ಹಾಸಿಗೆಗೆ ಬೀಳದಂತೆ ಕೂಲರನ್ನು ಓರೆಯಾಗಿ ಇಟ್ಟಿದ್ದೇವೆ. ಬೂಷ್ಟಿನ ವಾಸನೆ ಬಂದ ದಿನ ಕೂಲರ್ ಬಂದ್.

ಬೀದರ್, ಯಾದಗಿರಿಯವರಿಗೂ ಇದೇ ಲೆಕ್ಕವೇ?

ಬಹುಪಾಲು ಇದೇ. ಬೀದರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ, ರಾತ್ರಿ ಬೇಗ ತಂಪಾಗುತ್ತದೆ. ಕೂಲರ್ ನಡೆಯುವ ತಾಸುಗಳು ಕಡಿಮೆ, ಹುಲ್ಲು ತುಸು ಹೆಚ್ಚು ದಿನ ತಾಳುತ್ತದೆ. ಆದರೆ ಅಲ್ಲಿನ ಕೆಂಪು ಮುರಕಲ್ಲಿನ ಧೂಳು ಸಣ್ಣದು, ತಿಂಗಳಿಗೊಮ್ಮೆ ಹೊರಗಿನಿಂದ ಪೈಪ್ ಹಿಡಿದು ಪ್ಯಾಡ್ ತೊಳೆಯಿರಿ. ಯಾದಗಿರಿ ಜಿಲ್ಲೆಯಲ್ಲಿ ಕಾಲುವೆಯ ಕೆಳಗೆ ಭತ್ತದ ಗದ್ದೆಗಳಿರುವ ಶಹಾಪುರ, ಸುರಪುರದ ಕಡೆ ಕೊಯ್ಲಿನ ಹೊತ್ತಿನಲ್ಲಿ ಹೊಟ್ಟು ಹಾರುತ್ತದೆ. ಹಿಂಬದಿಯ ಜಾಲರಿಗೆ ಹೊರಗಿನಿಂದ ಸೊಳ್ಳೆ ಪರದೆಯ ಬಟ್ಟೆಯನ್ನು ಒಂದೇ ಪದರ ಕಟ್ಟಿ, ವಾರಕ್ಕೊಮ್ಮೆ ಒಗೆಯಿರಿ. ಕಲಬುರಗಿಯಲ್ಲಿ ನೆಹರು ಗಂಜ್‌ನ ದಾಲ್ ಮಿಲ್‌ಗಳ ಹತ್ತಿರ ಇರುವವರಿಗೂ ಇದು ಒಳ್ಳೆಯದು.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನೌಕರರ ಮನೆಗಳಲ್ಲಿ ಕೂಲರ್ ಎರಡು ಗಂಟೆಗೇ ಶುರುವಾಗುತ್ತದೆ. ಆ ಹೊತ್ತಿಗೆ ತೊಟ್ಟಿಯ ನೀರು ಕಾದಿರುತ್ತದೆ ಎಂದು ಚಿಂತಿಸಬೇಡಿ, ಹುಲ್ಲಿನ ಮೇಲೆ ಎರಡು ಸುತ್ತು ಹರಿದರೆ ತಾನೇ ತಣ್ಣಗಾಗುತ್ತದೆ. ಐಸ್ ಗಡ್ಡೆ ಹಾಕುವ ಅಗತ್ಯವಿಲ್ಲ.

ಹೊಸ ಅಪಾರ್ಟ್‌ಮೆಂಟಿನಲ್ಲಿ ತಾಜಾ ಗಾಳಿಯ ಯಂತ್ರ ಹಾಕಿದ್ದಾರೆ. ಅದರ ಫಿಲ್ಟರ್ ಬದಲಿಸುವುದು ಹೇಗೆ?

ಇದು ನಮ್ಮ ಕಡೆ ಇನ್ನೂ ವಿರಳ. ಆ ಯಂತ್ರ ಹೊರಗಿನ ಗಾಳಿಯನ್ನು ಕೊಳವೆಯ ಮೂಲಕ ಒಳಗೆ ತಂದು, ಅಡುಗೆಮನೆ ಬಚ್ಚಲಿನ ಗಾಳಿಯನ್ನು ಹೊರಗೆ ಕಳಿಸುತ್ತದೆ. ನಡುವೆ ಎರಡು ಗಾಳಿಗಳು ಬೆರೆಯದೆ ಶಾಖವನ್ನು ಮಾತ್ರ ಬದಲಿಸಿಕೊಳ್ಳುತ್ತವೆ. ಅದರಲ್ಲಿ ಸಾಮಾನ್ಯವಾಗಿ ಎರಡು ಫಿಲ್ಟರ್ ಇರುತ್ತವೆ, ಬರುವ ಗಾಳಿಗೊಂದು, ಹೋಗುವ ಗಾಳಿಗೊಂದು. ಎರಡನ್ನೂ ಒಟ್ಟಿಗೆ ಬದಲಿಸಿ. ಒಂದನ್ನೇ ಬದಲಿಸಿದರೆ ಬರುವ ಹೋಗುವ ಗಾಳಿಯ ಸಮತೋಲ ತಪ್ಪುತ್ತದೆ.

ಫಿಲ್ಟರಿನ ಮೇಲೆ ಜಿ4 ಎಂದಿದ್ದರೆ ದಪ್ಪ ಧೂಳಿಗೆ, ಎಫ್7 ಎಂದಿದ್ದರೆ ಸಣ್ಣ ಧೂಳಿಗೆ. ಇವು ಹಳೆಯ ಹೆಸರುಗಳು. 2016ರ ಐಎಸ್ಒ 16890 ಮಾನದಂಡದ ಪ್ರಕಾರ ಈಗ ಯಾವ ಗಾತ್ರದ ಕಣವನ್ನು ಎಷ್ಟು ಶೇಕಡಾ ಹಿಡಿಯುತ್ತದೆ ಎಂದೇ ಬರೆಯುತ್ತಾರೆ. ಕೈಪಿಡಿಯಲ್ಲಿ ಆರು ತಿಂಗಳು ಎಂದಿದ್ದರೂ ನಮ್ಮ ಧೂಳಿಗೆ ಅದು ದೂರದ ಮಾತು. ತಿಂಗಳಿಗೊಮ್ಮೆ ತೆರೆದು ನೋಡಿ, ಬೇಸಿಗೆಯಲ್ಲಿ ಮೂರು ತಿಂಗಳಿಗೊಮ್ಮೆ ಬದಲಿಸಿ. ಯಂತ್ರವನ್ನು ಆರಿಸಿ, ಹಳೆಯದನ್ನು ಅಲುಗಾಡಿಸದೆ ಚೀಲಕ್ಕೆ ಇಳಿಸಿ, ಅಂಚಿನ ಬಾಣದ ಗುರುತು ಗಾಳಿ ಹರಿಯುವ ದಿಕ್ಕಿಗೆ ಇರುವಂತೆ ಹೊಸದನ್ನು ಕೂರಿಸಿ. ಸುತ್ತ ಸಂದಿ ಉಳಿದರೆ ಎಷ್ಟು ಬೆಲೆಯ ಫಿಲ್ಟರ್ ಆದರೂ ವ್ಯರ್ಥ. ಕೊನೆಗೆ ಯಂತ್ರದ ಫಿಲ್ಟರ್ ಎಣಿಕೆಯನ್ನು ಸೊನ್ನೆಗೆ ತನ್ನಿ. ಮಡಿಕೆಗಳಿರುವ ಸಣ್ಣ ಧೂಳಿನ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ. ಏಸಿಯೊಳಗಿನ ಪ್ಲಾಸ್ಟಿಕ್ ಜಾಲರಿಯನ್ನು ಮಾತ್ರ ಹದಿನೈದು ದಿನಕ್ಕೊಮ್ಮೆ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬಹುದು.

ತೆಗೆದ ಹುಲ್ಲನ್ನು ಏನು ಮಾಡಬೇಕು? ಮಳೆಗಾಲದಲ್ಲಿ ಕೂಲರನ್ನು ಹೇಗಿಡಬೇಕು?

ಹುಲ್ಲನ್ನು ಸುಡಬೇಡಿ. ಅದರ ಸುತ್ತ ಪ್ಲಾಸ್ಟಿಕ್ ಬಲೆ ಇರುತ್ತದೆ, ಹನಿಕೋಂಬ್ ಕಾಗದದಲ್ಲಿ ರಾಳವಿರುತ್ತದೆ. ಆ ಹೊಗೆ ನೆರೆಮನೆಯ ಕೂಲರ್ ಮೂಲಕ ಅವರ ಕೋಣೆಗೆ ಹೋಗುತ್ತದೆ. ಚೀಲಕ್ಕೆ ತುಂಬಿ ಕಸದ ಗಾಡಿಗೆ ಒಣ ಕಸವಾಗಿ ಕೊಡಿ. ದನಗಳ ಬಾಯಿಗೆ ಸಿಗುವಂತೆ ಬೀದಿಗೆ ಎಸೆಯಬೇಡಿ.

ಮಳೆ ಹಿಡಿದ ಮೇಲೆ ತೊಟ್ಟಿ ಖಾಲಿ ಮಾಡಿ, ಉಜ್ಜಿ, ಹುಲ್ಲನ್ನು ಆಗಲೇ ತೆಗೆದುಬಿಡಿ. ಮುಂದಿನ ವರ್ಷ ಹೇಗಿದ್ದರೂ ಹೊಸದು ಹಾಕುವುದು, ಅಲ್ಲಿಯವರೆಗೆ ಇಲಿಗೆ ಗೂಡು ಕಟ್ಟಿಕೊಡುವುದೇಕೆ? ಹನಿಕೋಂಬ್ ಪ್ಯಾಡ್ ಇದ್ದರೆ ಪಂಪ್ ಹಾಕದೆ ಫ್ಯಾನ್ ಒಂದು ತಾಸು ನಡೆಸಿ ಪೂರ್ತಿ ಒಣಗಿಸಿ. ಪಂಪನ್ನು ತೆಗೆದು ಒರೆಸಿ ಡಬ್ಬದಲ್ಲಿಡಿ. ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಹಳೆಯ ಹತ್ತಿ ಸೀರೆ ಅಥವಾ ಚಾದರ ಹೊದಿಸಿ. ಪ್ಯಾಡಿನ ಮೂರು ಬದಿಯ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು ಕೂಲರಿನ ಒಳಬದಿಗೆ ಅಂಟಿಸಿಡಿ, ಮುಂದಿನ ಹೋಳಿಗೆ ಅದನ್ನೇ ಹಿಡಿದುಕೊಂಡು ಅಂಗಡಿಗೆ ಹೋಗಬಹುದು.